ತಗ್ಗಬೇಕಾದವರು ಯಾರು?

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



 ಒಂದು ದಿನದ ಕೂಲಿ ಬಿಟ್ಟು, ಬೆಳಿಗ್ಗೆ ಬೇಗ ಎದ್ದು ಅಡುಗೆ ಮುಗಿಸಿ, ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟು ನೀವು ಬಂದಿದ್ದೀರಿ. ನಿಮ್ಮ ಈ ಒಂದು ದಿನಕ್ಕೆ ಬೆಲೆ ಇದೆ. ಆದ್ದರಿಂದ ನಿಮಗೆ ಉಪಯೋಗಕ್ಕೆ ಬರುವ ಮಾತನ್ನೇ ಆಡಬೇಕು ಎಂದು ಯೋಚಿಸಿಕೊಂಡು ಬಂದಿದ್ದೇವೆ.

ಈ ದಿನ ನಮಗೆ ಕೊಟ್ಟಿರುವ ವಿಷಯ ‘ಸಮಾನತೆ ಮತ್ತು ನಮ್ರತೆ’. ಇಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಸಹೋದರಿಯರು ಎಲ್ಲರೂ ಕೂತಿದ್ದೀರಿ. ಜಾತಿಭೇದದ ಬಗ್ಗೆ ಮಾತಾಡುವಾಗ ನಾವು ಬೇರೆಯವರ ಧರ್ಮದ ಕಡೆ ಬೆರಳು ತೋರಿಸುವುದು ಸರಿಯಲ್ಲ. ನೆರೆಮನೆಯ ಅಂಗಳದ ಕಸ ತೋರಿಸುವ ಮೊದಲು ನಮ್ಮ ಅಂಗಳ ಗುಡಿಸಬೇಕು. ಅದಕ್ಕೇ ಈ ದಿನ ನಮ್ಮ ಕ್ರೈಸ್ತ ಧರ್ಮಸಭೆಯ ಒಳಗಿನ ಕಥೆಯನ್ನೇ ಹೇಳುತ್ತೇವೆ. ಅದರಲ್ಲಿ ಒಳ್ಳೆಯದೂ ಇದೆ, ನಾಚಿಕೆಪಡುವಂಥದ್ದೂ ಇದೆ. ಕೇಳಿ ಆದ ಮೇಲೆ ನಿಮ್ಮ ನಿಮ್ಮ ಸಂಘಕ್ಕೆ ಹೋಲಿಸಿ ನೋಡಿ.

ಎರಡು ಮಾತು, ಒಂದು ಗೊಂದಲ

ಮೊದಲು ‘ನಮ್ರತೆ’ ಅನ್ನುವ ಮಾತನ್ನು ನೋಡೋಣ. ಹೆಣ್ಣುಮಕ್ಕಳಾದ ನಮಗೆ ಈ ಪಾಠ ಹೊಸದಲ್ಲ. ಚಿಕ್ಕಂದಿನಿಂದ ಕೇಳಿದ್ದೇವೆ. ‘ತಗ್ಗಿ ಬಗ್ಗಿ ನಡಿ, ಎದುರು ಮಾತಾಡಬೇಡ, ನಗುವಾಗ ಬಾಯಿ ಮುಚ್ಚಿಕೋ.’ ಕೇರಿಯ ಅಕ್ಕಂದಿರಿಗೆ ಇದು ಎರಡು ಪಟ್ಟು. ಮನೆಯಲ್ಲಿ ಗಂಡಸರ ಮುಂದೆ ತಗ್ಗಬೇಕು, ಊರಲ್ಲಿ ಮೇಲಿನವರ ಮುಂದೆ ತಗ್ಗಬೇಕು. ಇಷ್ಟೆಲ್ಲಾ ತಗ್ಗಿದವರಿಗೆ ಮತ್ತೆ ‘ನಮ್ರತೆ ಕಲಿಯಿರಿ’ ಎಂದು ಹೇಳಿದರೆ ಏನು ಪ್ರಯೋಜನ?

ನಮ್ರತೆ ಬೇರೆ, ಹೆದರಿಕೆ ಬೇರೆ. ಹೆದರಿ ತಲೆ ಬಗ್ಗಿಸುವವರಿಗೆ ಬೇರೆ ದಾರಿ ಇರುವುದಿಲ್ಲ. ನಿಲ್ಲಲು ಶಕ್ತಿ, ಅಧಿಕಾರ, ಜಾಗ ಎಲ್ಲ ಇದ್ದೂ ತಾನಾಗಿ ಕೆಳಗಿಳಿದು ಬಂದರೆ ಅದು ನಮ್ರತೆ. ಆದ್ದರಿಂದ ಈ ದಿನ ನಾವು ಕೇಳುವ ಪ್ರಶ್ನೆ ಒಂದೇ: ತಗ್ಗಬೇಕಾದವರು ಯಾರು?

ಗುರುವೇ ನೆಲಕ್ಕೆ ಕೂತರು

ಯೇಸುಸ್ವಾಮಿಯವರು ಮರಣಕ್ಕೆ ಮುಂಚಿನ ರಾತ್ರಿ ಶಿಷ್ಯರ ಜೊತೆ ಊಟಕ್ಕೆ ಕೂತಿದ್ದರು. ಆ ದೇಶದಲ್ಲಿ ಜನ ಧೂಳಿನ ದಾರಿಯಲ್ಲಿ ಚಪ್ಪಲಿ ಹಾಕಿಕೊಂಡು ನಡೆದು ಬರುತ್ತಿದ್ದರು. ಮನೆಗೆ ಬಂದವರ ಕಾಲು ತೊಳೆಯುವುದು ಆಳುಗಳ ಕೆಲಸ. ಆ ರಾತ್ರಿ ಯೇಸುಸ್ವಾಮಿ ಊಟದಿಂದ ಎದ್ದರು, ಮೇಲಂಗಿ ತೆಗೆದಿಟ್ಟು ಸೊಂಟಕ್ಕೆ ಟವಲು ಕಟ್ಟಿಕೊಂಡರು, ಬೋಗುಣಿಗೆ ನೀರು ಹಾಕಿ ಒಬ್ಬೊಬ್ಬರ ಪಾದ ತೊಳೆದು ಒರೆಸಿದರು. ಶಿಷ್ಯ ಪೇತ್ರನಿಗೆ ಸಂಕೋಚವಾಯಿತು, ಕಾಲು ಹಿಂದಕ್ಕೆ ಎಳೆದುಕೊಂಡು ಬೇಡವೇ ಬೇಡ ಅಂದ. ಗುರುವಾದವರು ಕಾಲು ಮುಟ್ಟುವುದೇ? ಆದರೆ ಯೇಸು ಬಿಡಲಿಲ್ಲ. ತೊಳೆದು ಮುಗಿಸಿ, ನೀವೂ ಒಬ್ಬರಿಗೊಬ್ಬರು ಹೀಗೆಯೇ ಮಾಡಬೇಕು ಎಂದು ಹೇಳಿದರು.

ಇಲ್ಲಿ ನೋಡಬೇಕಾದದ್ದು ಏನೆಂದರೆ, ಯೇಸು ಆ ಮನೆಯ ಆಳನ್ನು ಕರೆದು ‘ಇನ್ನೂ ಸ್ವಲ್ಪ ವಿನಯದಿಂದ ಕೆಲಸ ಮಾಡು’ ಅನ್ನಲಿಲ್ಲ. ಗುರುವೇ ಆಳಿನ ಜಾಗದಲ್ಲಿ ಕೂತರು. ಮೇಲಿದ್ದವರು ಇಳಿದರು, ಕೆಳಗಿದ್ದವರ ಕೆಲಸಕ್ಕೆ ಗೌರವ ಬಂತು. ನಮ್ರತೆ ಮತ್ತು ಸಮಾನತೆ ಎರಡೂ ಒಂದೇ ಬೋಗುಣಿಯ ನೀರಿನಲ್ಲಿ ಸೇರಿದವು.

ಈ ನೆನಪಿಗಾಗಿ ಪವಿತ್ರ ಗುರುವಾರ ನಮ್ಮ ಚರ್ಚುಗಳಲ್ಲಿ ಗುರುಗಳು ಪಾದ ತೊಳೆಯುತ್ತಾರೆ. ಆದರೆ ಬಹಳ ಕಾಲ ನಿಯಮದ ಪ್ರಕಾರ ಗಂಡಸರ ಪಾದ ಮಾತ್ರ ತೊಳೆಯಬೇಕಿತ್ತು. ಹೆಂಗಸರು ಬೆಂಚಿನಲ್ಲಿ ಕೂತು ನೋಡುತ್ತಿದ್ದರು. 2013ರಲ್ಲಿ ವಿಶ್ವಗುರು ಫ್ರಾನ್ಸಿಸ್ ಅವರು ಅಧಿಕಾರಕ್ಕೆ ಬಂದ ಕೆಲವೇ ದಿನಗಳಲ್ಲಿ ರೋಮಿನ ಒಂದು ಬಾಲಾಪರಾಧಿಗಳ ಜೈಲಿಗೆ ಹೋಗಿ ಅಲ್ಲಿದ್ದವರ ಪಾದ ತೊಳೆದರು. ಅವರಲ್ಲಿ ಹುಡುಗಿಯರೂ ಇದ್ದರು, ಒಬ್ಬಳು ಮುಸ್ಲಿಂ ಹುಡುಗಿ. ಕೆಲವರು ಇದು ನಿಯಮಕ್ಕೆ ವಿರುದ್ಧ ಎಂದು ಗೊಣಗಿದರು. 2016ರ ಜನವರಿಯಲ್ಲಿ ನಿಯಮವನ್ನೇ ಬದಲಾಯಿಸಿ, ಇನ್ನು ಮೇಲೆ ಹೆಂಗಸರ ಪಾದವನ್ನೂ ತೊಳೆಯಬಹುದು ಎಂಬ ಆದೇಶ ಪ್ರಕಟವಾಯಿತು. ಆ ವರ್ಷದ ಪವಿತ್ರ ಗುರುವಾರ ಅವರು ರೋಮಿನ ಹತ್ತಿರದ ಒಂದು ನಿರಾಶ್ರಿತರ ಕೇಂದ್ರಕ್ಕೆ ಹೋಗಿ ಕ್ರೈಸ್ತರ, ಮುಸ್ಲಿಮರ ಮತ್ತು ಒಬ್ಬ ಹಿಂದೂ ನಿರಾಶ್ರಿತನ ಪಾದ ತೊಳೆದು ಮುತ್ತಿಟ್ಟರು. 2025ರ ಏಪ್ರಿಲ್‌ನಲ್ಲಿ ಅವರು ತೀರಿಹೋದರು. ಅವರು ಬದಲಿಸಿದ ನಿಯಮ ಉಳಿದಿದೆ. ಒಂದು ಹಳೆಯ ನಿಯಮ ಬದಲಾಗಬೇಕಾದರೆ ಮೇಲಿನ ಸ್ಥಾನದಲ್ಲಿ ಇದ್ದವರು ಮೊದಲು ಮಂಡಿಯೂರಬೇಕು ಎಂಬುದಕ್ಕೆ ಇದು ಒಂದು ಉದಾಹರಣೆ.

ಊಟದ ಪಂಕ್ತಿಯಲ್ಲಿ ಮೊದಲ ಜಗಳ

ಕ್ರೈಸ್ತರಲ್ಲಿ ಭೇದಭಾವ ಎಲ್ಲೋ ಇತ್ತೀಚೆಗೆ ಬಂತು ಎಂದು ತಿಳಿಯಬೇಡಿ. ಯೇಸುಸ್ವಾಮಿ ತೀರಿಕೊಂಡು 25 ವರ್ಷ ಕಳೆಯುವಷ್ಟರಲ್ಲಿ ಗ್ರೀಸ್ ದೇಶದ ಕೊರಿಂಥ ಪಟ್ಟಣದಲ್ಲಿ ಊಟದ ವಿಷಯಕ್ಕೇ ಜಗಳ ಬಂದಿತ್ತು. ಆಗ ಚರ್ಚು ಕಟ್ಟಡಗಳು ಇರಲಿಲ್ಲ. ಮನೆಗಳಲ್ಲಿ ಎಲ್ಲರೂ ಸೇರಿ ಪ್ರಾರ್ಥನೆ ಮಾಡಿ, ಒಟ್ಟಿಗೆ ಊಟ ಮಾಡುವ ಪದ್ಧತಿ. ಉಳ್ಳವರು ತಮ್ಮ ತಮ್ಮ ಬುತ್ತಿ ಬಿಚ್ಚಿ ಹೊಟ್ಟೆತುಂಬ ಉಣ್ಣುತ್ತಿದ್ದರು, ಕುಡಿಯುತ್ತಿದ್ದರು. ಇಲ್ಲದವರು ಹಸಿದುಕೊಂಡು ನೋಡುತ್ತಾ ಕೂರಬೇಕಿತ್ತು. ಇದನ್ನು ಕೇಳಿದ ಸಂತ ಪೌಲರು ಕಟುವಾಗಿ ಬರೆದರು. ಬಡವರನ್ನು ಹೀಗೆ ಅವಮಾನ ಮಾಡಿ ತಿನ್ನುವ ಊಟ ಪ್ರಭುವಿನ ಭೋಜನವೇ ಅಲ್ಲ ಎಂಬುದು ಅವರ ಮಾತಿನ ಸಾರ.

ಸಂತ ಯಕೋಬರ ಪತ್ರದಲ್ಲೂ ಇದೇ ವಿಷಯ ಬರುತ್ತದೆ. ಚಿನ್ನದ ಉಂಗುರ ಹಾಕಿಕೊಂಡವನು ಸಭೆಗೆ ಬಂದರೆ ಒಳ್ಳೆಯ ಜಾಗ, ಹರಕು ಬಟ್ಟೆಯವನು ಬಂದರೆ ಕಾಲ ಹತ್ತಿರದ ನೆಲ. ಹೀಗೆ ಮಾಡುವವರು ದೇವರ ಹೆಸರು ಹೇಳಲು ಯೋಗ್ಯರೇ ಎಂದು ಅವರು ಪ್ರಶ್ನೆ ಮಾಡುತ್ತಾರೆ.

ನಮಗೆ ಇದರಲ್ಲಿ ಮೆಚ್ಚುಗೆಯಾಗುವ ಸಂಗತಿ ಒಂದಿದೆ. ಆ ಕಾಲದವರು ಈ ಜಗಳಗಳನ್ನು ಮುಚ್ಚಿಡಲಿಲ್ಲ. ಪವಿತ್ರ ಗ್ರಂಥದಲ್ಲೇ ಬರೆದಿಟ್ಟರು, ಎಲ್ಲರೂ ಓದಲಿ ಎಂದು. ಸಂಘದ ನಡಾವಳಿ ಪುಸ್ತಕದಲ್ಲಿ ನಾವು ಜಗಳ ಬರೆಯುತ್ತೇವಾ? ‘ಪ್ರಾರ್ಥನೆಯೊಂದಿಗೆ ಸಭೆ ಪ್ರಾರಂಭವಾಯಿತು, ವಂದನಾರ್ಪಣೆಯೊಂದಿಗೆ ಮುಕ್ತಾಯವಾಯಿತು’ ಎಂದು ಬರೆದು ಸಹಿ ಹಾಕುತ್ತೇವೆ. ನಡುವೆ ಯಾರು ಅತ್ತರು, ಯಾರು ಎದ್ದುಹೋದರು ಅನ್ನುವುದು ಪುಸ್ತಕಕ್ಕೆ ಬರುವುದಿಲ್ಲ.

ಒಂದೇ ಊರು, ಸಂತನೂ ಅಲ್ಲೇ, ಗೋಡೆಯೂ ಅಲ್ಲೇ

ಈಗ ನಮ್ಮ ದೇಶಕ್ಕೆ ಬರೋಣ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ ವಡಕ್ಕನ್‌ಕುಳಂ ಎಂಬ ಊರಿದೆ. 1745ರಲ್ಲಿ ಆ ಊರಿನ ಚರ್ಚಿನಲ್ಲಿ ತಿರುವಾಂಕೂರು ಅರಮನೆಯ ಸೇವೆಯಲ್ಲಿದ್ದ ಒಬ್ಬ ನಾಯರ್ ಮನೆತನದವರು ಜ್ಞಾನಸ್ನಾನ ಪಡೆದರು. ಅವರಿಗೆ ಲಾಜರಸ್ ಎಂಬ ಹೆಸರಿಟ್ಟರು, ತಮಿಳಿನಲ್ಲಿ ದೇವಸಹಾಯಂ. ದೊಡ್ಡ ಜಾತಿ, ಅರಮನೆಯ ಕೆಲಸ, ಎಲ್ಲವೂ ಇತ್ತು. ಆದರೆ ಅವರು ಕೆಳಜಾತಿಯವರ ಜೊತೆ ಬೆರೆತರು, ಎಲ್ಲರೂ ಸಮಾನರು ಎಂದು ಸಾರಿದರು. 1749ರಲ್ಲಿ ಅವರನ್ನು ಬಂಧಿಸಿದರು. ಮೂರು ವರ್ಷ ಹಿಂಸೆ ಅನುಭವಿಸಿದ ಮೇಲೆ 1752ರ ಜನವರಿ 14ರಂದು ಅರಳ್‌ವಾಯ್‌ಮೊಳಿಯ ಬೆಟ್ಟದಲ್ಲಿ ಗುಂಡಿಟ್ಟು ಕೊಂದರು. 2022ರ ಮೇ 15ರಂದು ವಿಶ್ವಗುರು ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಗುರುಪಟ್ಟ ಪಡೆಯದ ಸಾಮಾನ್ಯ ಕ್ರೈಸ್ತರಲ್ಲಿ ಭಾರತದಿಂದ ಸಂತರಾದ ಮೊದಲನೆಯವರು ಇವರೇ. ಘೋಷಣೆಗೆ ಮುಂಚೆ ಅವರ ಹೆಸರಿನ ಕೊನೆಯಲ್ಲಿದ್ದ ‘ಪಿಳ್ಳೈ’ ಎಂಬ ಜಾತಿಸೂಚಕ ಪದವನ್ನು ತೆಗೆದುಹಾಕಲಾಯಿತು. ಜಾತಿ ಬಿಟ್ಟವರಿಗೆ ಜಾತಿಯ ಹೆಸರು ಹೊರಿಸುವುದು ಬೇಡ ಎಂದು ಕೆಲವರು ಕೇಳಿಕೊಂಡಿದ್ದರು. ಅದು ನ್ಯಾಯವೇ ಸರಿ.

ಇಂಥ ಸಂತ ಜ್ಞಾನಸ್ನಾನ ಪಡೆದ ಅದೇ ಊರಿನಲ್ಲಿ ಮುಂದಿನ ಶತಮಾನದಲ್ಲಿ ಏನಾಯಿತು ಗೊತ್ತಾ? ಹೊಸ ಚರ್ಚು ಕಟ್ಟುವಾಗ ಜಾತಿಗೊಂದು ಭಾಗ ಮಾಡಿದರು. ಪೀಠದ ಹತ್ತಿರ ಒಂದಾಗಿ, ಹಿಂದಕ್ಕೆ ಎರಡು ಕವಲಾಗಿ ಹೋಗುವ ಕಟ್ಟಡ, ಪ್ಯಾಂಟಿನ ಎರಡು ಕಾಲು ಇದ್ದ ಹಾಗೆ. ಒಂದು ಕಾಲಿನಲ್ಲಿ ಪಿಳ್ಳೈ, ಮುದಲಿಯಾರ್ ಕ್ರೈಸ್ತರು, ಇನ್ನೊಂದು ಕಾಲಿನಲ್ಲಿ ಉಳಿದವರು. ಗುರುಗಳು ಪೀಠದಲ್ಲಿ ನಿಂತರೆ ಎರಡೂ ಕಡೆಯವರಿಗೆ ಕಾಣಿಸುತ್ತಾರೆ. ಆದರೆ ಇವರಿಗೆ ಅವರು ಕಾಣಿಸುವುದಿಲ್ಲ, ಅವರಿಗೆ ಇವರು ಕಾಣಿಸುವುದಿಲ್ಲ. ಒಂದೇ ಬಲಿಪೂಜೆ, ಒಂದೇ ಪರಮಪ್ರಸಾದ, ನಡುವೆ ಗೋಡೆ!

1910ರ ಸುಮಾರಿಗೆ ಅಲ್ಲಿನ ಗುರುಗಳು ಆ ತಡೆಯನ್ನು ತೆಗೆಸಿಹಾಕಿದರು. ಮೇಲ್ಜಾತಿಯವರು ಸುಮ್ಮನಿರಲಿಲ್ಲ, ತಮ್ಮ ಪ್ರತ್ಯೇಕ ಜಾಗ ತಮಗೆ ಬೇಕು ಎಂದು ಧರ್ಮಾಧ್ಯಕ್ಷರ ಮೇಲೆಯೇ ಕೇಸು ಹಾಕಿದರು. ಅದು ಮದ್ರಾಸ್ ಹೈಕೋರ್ಟಿನವರೆಗೂ ಹೋಯಿತು. ಕ್ರೈಸ್ತರಾದ ಮೇಲೆ ಜಾತಿಯ ಹೆಸರಿನಲ್ಲಿ ಚರ್ಚಿನಲ್ಲಿ ವಿಶೇಷ ಜಾಗ ಕೇಳುವ ಹಕ್ಕು ಇಲ್ಲ ಎಂದು ಕೋರ್ಟು ಅವರ ವಾದವನ್ನು ತಳ್ಳಿಹಾಕಿತು.

ಇದರಲ್ಲಿ ನಮಗೆ ಎರಡು ಪಾಠ ಇದೆ. ಒಬ್ಬ ಸಂತ ಹುಟ್ಟಿಬಂದ ಮಾತ್ರಕ್ಕೆ ಊರು ಬದಲಾಗುವುದಿಲ್ಲ, ಪ್ರತಿ ತಲೆಮಾರಿನವರೂ ಹೊಸದಾಗಿ ಗೋಡೆ ಕೆಡವಬೇಕಾಗುತ್ತದೆ. ಬಸವಣ್ಣನವರ ಕಲ್ಯಾಣದ ಕಥೆ ಗೊತ್ತಿರುವ ನಮ್ಮ ಕನ್ನಡ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು, ಇಟ್ಟಿಗೆಯ ಗೋಡೆ ಕೆಡವುವುದು ಒಂದು ದಿನದ ಕೆಲಸ. ಮನಸ್ಸಿನೊಳಗಿನ ಗೋಡೆಗೆ ಅಷ್ಟು ಬೇಗ ಬಿರುಕು ಬಿಡುವುದಿಲ್ಲ.

ಇದು ತಮಿಳುನಾಡಿನ ಕಥೆ, ನಮ್ಮದಲ್ಲ ಅನ್ನಬೇಡಿ. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರ ಹಿರಿಯರು ಶತಮಾನಗಳ ಹಿಂದೆ ಗೋವೆಯಿಂದ ಬರುವಾಗ ಶಿಲುಬೆಯ ಜೊತೆಗೆ ಜಾತಿಯನ್ನೂ ಗಂಟು ಕಟ್ಟಿಕೊಂಡು ಬಂದರು. ಬಾಮಣ, ಚಾರ್ಡಿ, ಶೂದಿರ ಎಂಬ ವಿಂಗಡಣೆ ಮದುವೆ ಮಾತುಕತೆಯಲ್ಲಿ ಬಹಳ ಕಾಲ ನಡೆಯಿತು. ಈಗ ಎಷ್ಟೋ ಕಡಿಮೆಯಾಗಿದೆ. ಆದರೂ ಹುಡುಗಿ ನೋಡಲು ಬಂದವರು ‘ನಿಮ್ಮ ಮನೆತನ ಯಾವುದು’ ಎಂದು ಮೆಲ್ಲಗೆ ಕೇಳಿದರೆ, ಅವರು ಏನು ಕೇಳುತ್ತಿದ್ದಾರೆ ಎಂದು ಎಲ್ಲರಿಗೂ ತಿಳಿಯುತ್ತದೆ.

ಒಪ್ಪಿಕೊಂಡ ಮೇಲೆ

ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1982ರಲ್ಲಿ ತಿರುಚಿರಾಪಳ್ಳಿಯಲ್ಲಿ ಸಭೆ ಸೇರಿ, ಜಾತಿಗೆ ಕ್ರೈಸ್ತ ಧರ್ಮದಲ್ಲಿ ಸ್ಥಾನವಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. 2016ರ ಡಿಸೆಂಬರ್‌ನಲ್ಲಿ ದಲಿತರ ಸಬಲೀಕರಣಕ್ಕಾಗಿ ಒಂದು ನೀತಿಯನ್ನು ಹೊರತಂದರು. ದೇಶದ ಸುಮಾರು 1.9 ಕೋಟಿ ಕಥೋಲಿಕರಲ್ಲಿ ಸುಮಾರು 1.2 ಕೋಟಿ ದಲಿತರು, ಆದರೆ ಮುಂದಾಳುಗಳ ಸ್ಥಾನದಲ್ಲಿ ದಲಿತರು ಬಹಳ ಕಡಿಮೆ ಎಂಬುದನ್ನು ಆಗ ಬಹಿರಂಗವಾಗಿ ಒಪ್ಪಿಕೊಂಡರು. 2022ರ ಆಗಸ್ಟ್‌ನಲ್ಲಿ ಹೈದರಾಬಾದಿನ ಮಹಾಧರ್ಮಾಧ್ಯಕ್ಷರಾದ ಆಂಥೋನಿ ಪೂಲ ಅವರು ಕಾರ್ಡಿನಲ್ ಆದರು. ದಲಿತ ಸಮುದಾಯದಿಂದ ಆ ಸ್ಥಾನಕ್ಕೆ ಏರಿದ ಮೊದಲನೆಯವರು ಅವರು. ಇದಕ್ಕೆ ಇಷ್ಟು ಶತಮಾನ ಬೇಕಾಯಿತಲ್ಲ ಎಂದು ದುಃಖವೂ ಆಗುತ್ತದೆ, ಕೊನೆಗೂ ಆಯಿತಲ್ಲ ಎಂದು ಸಂತೋಷವೂ ಆಗುತ್ತದೆ.

ಕನ್ಯಾಸ್ತ್ರೀಯರಾದ ನಮ್ಮ ಮಠಗಳ ಮಾತನ್ನೂ ಹೇಳಿಬಿಡುತ್ತೇವೆ. ಹಿಂದಿನ ಕಾಲದಲ್ಲಿ ಅನೇಕ ಸಭೆಗಳಲ್ಲಿ ಎರಡು ದರ್ಜೆಯ ಸಿಸ್ಟರುಗಳು ಇರುತ್ತಿದ್ದರು. ಓದಿದವರು, ಅನುಕೂಲಸ್ಥರ ಮನೆಯಿಂದ ಬಂದವರು ಪ್ರಾರ್ಥನೆ ಹಾಡುತ್ತಿದ್ದರು, ಶಾಲೆ ನಡೆಸುತ್ತಿದ್ದರು. ಬಡವರ ಮನೆಯಿಂದ ಬಂದವರು ಅಡುಗೆಮನೆ, ಬಟ್ಟೆ ಒಗೆಯುವುದು, ದನದ ಕೊಟ್ಟಿಗೆ ನೋಡಿಕೊಳ್ಳಬೇಕಿತ್ತು. ಮಠದ ನಿರ್ಧಾರಗಳಲ್ಲಿ ಮತ ಹಾಕುವ ಹಕ್ಕು ಅವರಿಗೆ ಇರುತ್ತಿರಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಈ ಎರಡು ದರ್ಜೆ ಬೇಡ, ಸಿಸ್ಟರುಗಳೆಲ್ಲ ಒಂದೇ ವರ್ಗದವರಾಗಿರಬೇಕು ಎಂದು ಹೇಳಿತು. ಹಾಗಾಗಿ ಈಗ ನಮ್ಮಲ್ಲಿ ಶಾಲೆಯ ಹೆಡ್‌ಮಿಸ್ ಆದವರೂ ತಮ್ಮ ಸರದಿ ಬಂದಾಗ ಪಾತ್ರೆ ತೊಳೆಯುತ್ತಾರೆ. ಪಾತ್ರೆ ತೊಳೆಯುವ ಸರದಿಯ ಪಟ್ಟಿ ಒಂದು ದೊಡ್ಡ ಧರ್ಮಗ್ರಂಥದಷ್ಟೇ ಪಾಠ ಕಲಿಸುತ್ತದೆ ಎಂದು ನಮ್ಮ ಹಿರಿಯ ಸಿಸ್ಟರುಗಳು ತಮಾಷೆ ಮಾಡುತ್ತಿದ್ದರು. ಅದು ತಮಾಷೆಯಲ್ಲ, ನಿಜ.

ನಮ್ಮ ಸಂಘದ ಜಗಲಿ

ಇನ್ನು ಸಂಘಕ್ಕೆ ಬರೋಣ. 1980ರ ದಶಕದಲ್ಲಿ ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ ಇಂಥ ಸಣ್ಣ ಗುಂಪುಗಳು ಬೆಳೆದವು. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿತು. ಜಮೀನು ಇಲ್ಲದಿದ್ದರೂ ಪರವಾಗಿಲ್ಲ, ಒಬ್ಬರ ಮೇಲೆ ಒಬ್ಬರಿಗಿರುವ ನಂಬಿಕೆಯೇ ಸಾಲಕ್ಕೆ ಆಧಾರ ಎಂಬುದು ಇದರ ಮೂಲ. ಅಂದರೆ ಸಂಘದ ಬಂಡವಾಳ ನಂಬಿಕೆ. ಯಾರ ಮನೆಯ ನೀರು ಕುಡಿಯಲು ನಮಗೆ ಆಗುವುದಿಲ್ಲವೋ, ಅವರ ಮೇಲೆ ನಮಗೆ ಎಂಥ ನಂಬಿಕೆ?

ನಾವು ಹೋಗಿಬರುತ್ತಿದ್ದ ಒಂದು ಹಳ್ಳಿಯ ಸಂಘದ ವಿಷಯ ಹೇಳುತ್ತೇವೆ. ಹದಿನೈದು ಜನ ಸದಸ್ಯರು. ಉಳಿತಾಯ ಸರಿಯಾಗಿತ್ತು, ಮರುಪಾವತಿ ಸರಿಯಾಗಿತ್ತು, ಪುಸ್ತಕ ಅಚ್ಚುಕಟ್ಟು. ಪ್ರತಿ ವಾರದ ಸಭೆ ಒಬ್ಬ ಪ್ರತಿನಿಧಿಯ ಮನೆ ಜಗಲಿಯಲ್ಲಿ. ಹನ್ನೊಂದು ಜನ ಜಗಲಿ ಮೇಲೆ, ಕೇರಿಯ ನಾಲ್ಕು ಜನ ಕೆಳಗೆ ಮೆಟ್ಟಿಲ ಮೇಲೆ. ಯಾರೂ ಹಾಗೆ ಕೂರಿ ಎಂದು ಹೇಳಿರಲಿಲ್ಲ. ಹೇಳದೇ ನಡೆಯುವುದೇ ಇದರ ಸ್ವಭಾವ. ಅವರ ಉಳಿತಾಯದ ಹಣವನ್ನು ಕೆಳಗಿಡಿಸಿ ಎತ್ತಿಕೊಳ್ಳುತ್ತಿದ್ದರು. ಒಂದು ದಿನ ಅವರಲ್ಲಿ ವಯಸ್ಸಾದ ಒಬ್ಬ ಅಜ್ಜಿ ಎದ್ದು ನಿಂತು, ‘ಅಲ್ಲಮ್ಮಾ, ನನ್ನ ದುಡ್ಡು ಒಳಗೆ ಹೋಗಿ ಪೆಟ್ಟಿಗೇಲಿ ನಿಮ್ಮ ದುಡ್ಡಿನ ಜೊತೆ ಕೂತ್ಕೊಳ್ತದೆ. ನಾನು ಯಾಕೆ ಹೊರಗೆ ಕೂತೀನಿ?’ ಅಂತ ಕೇಳಿದರು. ಸಭೆ ಸ್ತಬ್ಧವಾಯಿತು.

ಆ ಅಜ್ಜಿ ಯಾವ ಕಾಲೇಜಿಗೂ ಹೋದವರಲ್ಲ. ನಾವು ಸಮಾಜಕಾರ್ಯದ ಎಂ.ಎ. ತರಗತಿಯಲ್ಲಿ ಓದಿದ ಯಾವ ಪುಸ್ತಕದಲ್ಲೂ ಈ ಮಾತು ಇಷ್ಟು ನೇರವಾಗಿ ಇರಲಿಲ್ಲ. ಕೆಳಗಿದ್ದವರು ಎದ್ದು ನಿಂತು ಕೇಳಿದ್ದು ಅಹಂಕಾರವಲ್ಲ, ಅದು ಸಮಾನತೆಯ ಮೊದಲ ಹೆಜ್ಜೆ. ಇನ್ನು ಇಳಿದು ಬರುವ ಹೆಜ್ಜೆ ಜಗಲಿ ಮೇಲಿದ್ದವರದ್ದು.

ಮುಂದೆ ಏನಾಯಿತು ಅಂತ ಕೇಳ್ತೀರಿ. ಎಲ್ಲವೂ ಒಂದೇ ದಿನ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಎರಡು ವಾರ ಸಭೆಯೇ ಸೇರಲಿಲ್ಲ. ಆಮೇಲೆ ಪ್ರತಿ ವಾರ ಒಬ್ಬೊಬ್ಬರ ಮನೆ ಮುಂದೆ ಸರದಿ ಪ್ರಕಾರ ಸಭೆ ಎಂದು ಠರಾವು ಮಾಡಿದರು. ಕೇರಿಯಲ್ಲಿ ಮೊದಲ ಸಭೆ ನಡೆದಾಗ ಐದು ಜನ ಬರಲಿಲ್ಲ. ‘ಮೈಗೆ ಹುಷಾರಿಲ್ಲ’, ‘ನೆಂಟರು ಬಂದಿದ್ದಾರೆ’ ಎಂದು ಹೇಳಿ ಕಳಿಸಿದರು. ಆದರೆ ಜಗಲಿಯ ಮನೆಯ ಆ ಪ್ರತಿನಿಧಿ ಬಂದರು. ಅಜ್ಜಿ ಕೊಟ್ಟ ಟೀ ತೆಗೆದುಕೊಂಡು, ಎಲ್ಲರ ಎದುರಿಗೇ ಕುಡಿದರು. ಅವರ ಅತ್ತೆ ನಾಲ್ಕು ದಿನ ಮಾತು ಬಿಟ್ಟರಂತೆ. ಆದರೂ ಮುಂದಿನ ಸರದಿಗೆ ಬಾರದೆ ಉಳಿದವರು ಇಬ್ಬರೇ. ಅವರಲ್ಲಿ ಒಬ್ಬರು ಈಗಲೂ ಟೀ ಕುಡಿಯುವುದಿಲ್ಲ, ಆದರೆ ಬಂದು ಒಂದೇ ಜಮಖಾನದ ಮೇಲೆ ಕೂರುತ್ತಾರೆ. ಅಷ್ಟಾದರೂ ಆಯಿತು.

ಆ ಪ್ರತಿನಿಧಿ ಕುಡಿದ ಒಂದು ಲೋಟ ಟೀ ನಮಗೆ ಪಾದ ತೊಳೆದಷ್ಟೇ ದೊಡ್ಡದಾಗಿ ಕಂಡಿತು. ಅಧಿಕಾರ ಅವರದ್ದೇ ಇತ್ತು, ಪುಸ್ತಕ, ಪೆಟ್ಟಿಗೆ, ಬೀಗದ ಕೈ ಎಲ್ಲ ಅವರ ಹತ್ತಿರವೇ ಇತ್ತು. ಬೇಡ ಅಂದಿದ್ದರೆ ಯಾರೂ ಕೇಳುವ ಹಾಗಿರಲಿಲ್ಲ. ನಮ್ರತೆ ಅಂದರೆ ಇದು.

ಯಾವುದು ನಮ್ರತೆ ಅಲ್ಲ

ಸಹೋದರಿಯರೇ, ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಅನ್ಯಾಯ ಸಹಿಸುವುದು ನಮ್ರತೆ ಅಲ್ಲ. ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆಯಲು 1989ರಲ್ಲಿ ಕಾನೂನು ಬಂದಿದೆ. ಮನೆಯೊಳಗೆ ಹೊಡೆತ, ಬೈಗುಳ ತಿನ್ನುವ ಹೆಣ್ಣುಮಕ್ಕಳ ರಕ್ಷಣೆಗೆ 2005ರ ಕಾಯಿದೆ ಇದೆ. ಮಹಿಳಾ ಸಹಾಯವಾಣಿ 181 ಇದೆ. ಗಂಡನ ಹೊಡೆತ ತಿನ್ನುತ್ತಿರುವವರಿಗೆ ‘ತಾಳ್ಮೆಯಿಂದ ಇರಮ್ಮಾ, ದೇವರು ನೋಡ್ತಾನೆ’ ಎಂದು ಹೇಳಿ ಕಳಿಸುವುದು ಧರ್ಮವಲ್ಲ. ದೇವರು ನೋಡುತ್ತಾನೆ, ನಿಜ. ನೋಡಿಯೂ ಸುಮ್ಮನಿದ್ದ ನಮ್ಮನ್ನೂ ನೋಡುತ್ತಾನೆ.

ನಮ್ಮ ಕ್ರೈಸ್ತ ದಲಿತರ ಕಷ್ಟ ಇನ್ನೊಂದು ಬಗೆ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದವರನ್ನು ಮತ್ತು ಮುಸ್ಲಿಮರಾದವರನ್ನು ಸೇರಿಸಲಿಲ್ಲ. ಕ್ರೈಸ್ತರಲ್ಲಿ ಜಾತಿ ಇಲ್ಲವಲ್ಲ ಎಂಬ ವಾದ ಹೇಳುತ್ತಾರೆ. ಇರಬಾರದು, ನಿಜ. ಆದರೆ ಕಣ್ಣಿಗೆ ಕಾಣುವುದನ್ನು ಇಲ್ಲ ಎನ್ನುವುದು ಹೇಗೆ? ಚರ್ಚಿನಲ್ಲಿ ಹಿಂದಿನ ಬೆಂಚು, ಸರ್ಕಾರದ ಪಟ್ಟಿಯಲ್ಲಿ ಜಾಗವಿಲ್ಲ, ಹೀಗೆ ಎರಡೂ ಕಡೆ ಹೊರಗುಳಿದವರ ನೋವು ನಮ್ಮ ನೋವಾಗಬೇಕು. ಸರ್ಕಾರದ ಮುಂದೆ ನ್ಯಾಯ ಕೇಳುವಾಗಲೇ ನಮ್ಮ ಹಿಂದಿನ ಬೆಂಚನ್ನೂ ನಾವು ಸರಿಮಾಡಬೇಕು.

ಈ ತಿಂಗಳಿಂದಲೇ ಮಾಡಬಹುದಾದದ್ದು

ಕೇಳಿ ಚಪ್ಪಾಳೆ ತಟ್ಟಿ ಹೋದರೆ ಸಾಲದು. ನಿಮ್ಮ ಸಂಘದಲ್ಲಿ ಈ ಐದು ವಿಷಯಗಳನ್ನು ಚರ್ಚೆಗೆ ಇಡಿ, ಠರಾವು ಪುಸ್ತಕದಲ್ಲಿ ಬರೆಯಿರಿ.

1. ಸಭೆಯ ಜಾಗ. ಪ್ರತಿ ಸದಸ್ಯರ ಮನೆಯಲ್ಲಿ ಸರದಿ ಪ್ರಕಾರ ಸಭೆ ಆಗಲಿ. ಮನೆ ಚಿಕ್ಕದಿದ್ದರೆ ಮನೆಯ ಮುಂದೆ ಆಗಲಿ. ಎಲ್ಲರೂ ಒಂದೇ ಎತ್ತರದಲ್ಲಿ, ವೃತ್ತಾಕಾರದಲ್ಲಿ ಕೂರಬೇಕು. ವೃತ್ತದಲ್ಲಿ ಮೊದಲನೆಯವರೂ ಇಲ್ಲ, ಕೊನೆಯವರೂ ಇಲ್ಲ.

2. ನೀರು, ಟೀ. ಎಲ್ಲರಿಗೂ ಒಂದೇ ಬಗೆಯ ಲೋಟ. ತೊಳೆಯುವ ಸರದಿ ಪ್ರತಿನಿಧಿಗಳಿಂದ ಶುರುವಾಗಲಿ.

3. ಮಾತು. ನಮ್ಮ ಕನ್ನಡದಲ್ಲಿ ಏಕವಚನ, ಬಹುವಚನ ಇದೆ. ಅರವತ್ತು ವರ್ಷದ ಕೇರಿಯ ಅಜ್ಜಿಯನ್ನು ಇಪ್ಪತ್ತೈದರ ಹುಡುಗಿ ‘ಬಾರೇ, ಹೋಗೇ’ ಅನ್ನುತ್ತಾಳೆ, ಆ ಅಜ್ಜಿ ಹುಡುಗಿಗೆ ‘ಬನ್ನಿ ಅಮ್ಮಾವ್ರೇ’ ಅನ್ನುತ್ತಾರೆ. ಸಂಘದೊಳಗೆ ಹಿರಿಯರೆಲ್ಲರೂ ‘ಅಕ್ಕ’, ಎಲ್ಲರಿಗೂ ‘ಬನ್ನಿ, ಕೂತ್ಕೊಳ್ಳಿ’. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

4. ಅಧಿಕಾರ. ಪ್ರತಿನಿಧಿಗಳು ಕಾಲಕಾಲಕ್ಕೆ ಬದಲಾಗಲಿ. ಹೆಬ್ಬೆಟ್ಟಿನವರು ಪ್ರತಿನಿಧಿ ಆಗಬಾರದು ಎಂಬ ಕಾನೂನು ಎಲ್ಲಿಯೂ ಇಲ್ಲ. ಲೆಕ್ಕ ಬರೆಯುವವರು ಬೇರೆ ಇರಬಹುದು. ಮೊದಲು ಇದ್ದವರು ಪಕ್ಕದಲ್ಲಿ ಕೂತು ಕಲಿಸಿಕೊಡಲಿ. ಕುರ್ಚಿ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂರುವುದು ಕಷ್ಟದ ನಮ್ರತೆ, ಆದರೆ ಅದೇ ಬೇಕಾಗಿರುವುದು.

5. ಸಾಲ. ವರ್ಷಕ್ಕೊಮ್ಮೆ ಸಾಲದ ಪುಸ್ತಕವನ್ನು ಎಲ್ಲರೆದುರು ಗಟ್ಟಿಯಾಗಿ ಓದಿ. ಯಾರಿಗೆ ಎಷ್ಟು ಸಲ, ಎಷ್ಟು ಸಾಲ ಸಿಕ್ಕಿದೆ? ಯಾರು ಕೇಳಿಯೂ ಸಿಕ್ಕಿಲ್ಲ? ಯಾರು ಕೇಳುವುದಕ್ಕೇ ಹೆದರಿದ್ದಾರೆ? ಪುಸ್ತಕ ಸುಳ್ಳು ಹೇಳುವುದಿಲ್ಲ.

ಇವುಗಳಲ್ಲಿ ಯಾವುದೂ ದೊಡ್ಡ ಕ್ರಾಂತಿ ಅಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ಭೇದ ಇರುವುದೇ ಇಂಥ ಸಣ್ಣ ಸಣ್ಣ ಜಾಗಗಳಲ್ಲಿ. ಲೋಟದಲ್ಲಿ, ಮೆಟ್ಟಿಲಲ್ಲಿ, ಕರೆಯುವ ಹೆಸರಿನಲ್ಲಿ. ಅಂಗನವಾಡಿಯಲ್ಲಿ, ಬಿಸಿಯೂಟದಲ್ಲಿ ಅಡುಗೆ ಮಾಡುವವರ ಜಾತಿ ಕೇಳಿ ಮಕ್ಕಳ ಊಟ ಬಿಡಿಸಿದ ಸುದ್ದಿಗಳನ್ನು ನೀವೂ ಓದಿದ್ದೀರಿ. ಹಸಿದ ಮಗುವಿಗೆ ಜಾತಿ ಗೊತ್ತಿಲ್ಲ, ನಾವು ಕಲಿಸುತ್ತೇವೆ. ತಾಯಂದಿರಾದ ನಾವು ಕಲಿಸಿದ್ದನ್ನು ತಾಯಂದಿರೇ ಬಿಡಿಸಬೇಕು. ಸಂಘದ ಸಭೆಗೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬರುತ್ತೀರಲ್ಲ, ಆ ಮಗು ಎಲ್ಲವನ್ನೂ ನೋಡುತ್ತಿರುತ್ತದೆ. ಅಮ್ಮ ಯಾರ ಪಕ್ಕದಲ್ಲಿ ಕೂತಳು, ಯಾರ ಕೈಯಿಂದ ನೀರು ಇಸಿದುಕೊಂಡಳು ಎಂಬುದನ್ನು ಅದು ಮರೆಯುವುದಿಲ್ಲ.

ಕೊನೆಯದಾಗಿ, ನೀವು ಮನೆಗೆ ಹೋಗುವಾಗ ನಿಮ್ಮನ್ನೇ ಕೇಳಿಕೊಳ್ಳಿ: ಈ ಊರಿನಲ್ಲಿ, ಈ ಸಂಘದಲ್ಲಿ, ನನ್ನ ಮನೆಯಲ್ಲಿ ನಾನು ಯಾರಿಗಿಂತ ಮೇಲೆ ಕೂತಿದ್ದೇನೆ? ನಾನು ಯಾರಿಗಿಂತ ಕೆಳಗೆ ಕೂತಿದ್ದೇನೆ? ಮೇಲೆ ಕೂತಿರುವ ಕಡೆ ಇಳಿಯಿರಿ. ಕೆಳಗೆ ಕೂತಿರುವ ಕಡೆ ಎದ್ದು ನಿಲ್ಲಿರಿ. ನಮ್ಮಲ್ಲಿ ಹೆಚ್ಚಿನವರಿಗೆ ಎರಡೂ ಕೆಲಸ ಇದೆ, ಯಾಕೆಂದರೆ ಗಂಡನ ಮುಂದೆ ತಲೆ ಎತ್ತಲಾರದ ಹೆಂಗಸೇ ಕೂಲಿಯವಳ ಮುಂದೆ ಯಜಮಾನಿ ಆಗುವುದನ್ನು ನಾವು ದಿನವೂ ನೋಡುತ್ತೇವೆ.

ನಿಮ್ಮ ಸಂಘಗಳಲ್ಲಿ ಏನಾಯಿತು ಎಂದು ಮುಂದಿನ ಒಕ್ಕೂಟದ ಸಭೆಯಲ್ಲಿ ನೀವೇ ಬಂದು ಹೇಳಬೇಕು, ನಾವು ಕೂತು ಕೇಳುತ್ತೇವೆ. ಯಶಸ್ಸಿನ ಕಥೆ ಮಾತ್ರ ಬೇಡ, ಜಗಳ ಆದರೆ ಜಗಳದ ಕಥೆಯನ್ನೂ ತನ್ನಿ.

 ದೇವರು ನಿಮ್ಮನ್ನೂ ನಿಮ್ಮ ಕುಟುಂಬಗಳನ್ನೂ ಆಶೀರ್ವದಿಸಲಿ.